ಕಾರು ಬಾಡಿಗೆಗೆ ಸಿಗುತ್ತೆ, ಗಡಿ ಸಿಗೋದಿಲ್ಲ!

ಸುನೌಲಿ ಗಡಿ. ಬೆಳಿಗ್ಗೆ ಒಂಬತ್ತು ಗಂಟೆ. ಮುಂದೆ ಮೈಲುದ್ದ ಲಾರಿಗಳ ಸಾಲು. ಅದರಾಚೆ ನೇಪಾಳದ ಹೆಬ್ಬಾಗಿಲು. ಕೈಯಲ್ಲಿ ಸ್ಟೇರಿಂಗು, ಕಣ್ಣಿಗೆ ಕೂಲಿಂಗ್ ಗ್ಲಾಸು, ಪಕ್ಕದ ಸೀಟಿನಲ್ಲಿ ನಮ್ಮ ಸೋದರಮಾವ. ನಾನು ಯಾವ ಹೀರೋಗೂ ಕಮ್ಮಿ ಇಲ್ಲ ಅನ್ನೋ ಭಾವದಲ್ಲಿ ಕೂತಿದ್ದೆ ಓದುಗ ಮಿತ್ರರೇ. ಒಂದು ಗಂಟೆಯ ಮೇಲೆ ಅದೇ ಕಾರನ್ನು ಹಿಂದಕ್ಕೆ ತಿರುಗಿಸಿಕೊಂಡು ಗೋರಖಪುರದ ದಾರಿ ಹಿಡಿದಿದ್ದೆ!

ಕಾರಣ ಕೇಳಿ. ಕಸ್ಟಮ್ಸ್ ಕಚೇರಿಗೆ ಅಲ್ಲಿ ‘ಭನ್ಸಾರ್’ ಅಂತಾರೆ. ಅದರ ಕಿಟಕಿಯಲ್ಲಿ ಕೂತಿದ್ದ ಮನುಷ್ಯ ಆರ್.ಸಿ. ನೋಡಿದ, ನನ್ನ ಮುಖ ನೋಡಿದ, ಹಿಂದಿಯಲ್ಲಿ ಕೇಳಿದ: “ಗಾಡಿ ಯಾರದು?”

“ಬಾಡಿಗೆಯದು ಸಾರ್.”

“ಮಾಲೀಕನ ಪತ್ರ?”

ಪತ್ರ ಎಲ್ಲಿಂದ ತರೋದು? ಗೋರಖಪುರದ ಬಾಡಿಗೆ ಅಂಗಡಿಯವನು ಫೋನಿನಲ್ಲಿ “ನೋ ಪ್ರಾಬ್ಲಂ ಭಾಯಿಸಾಬ್” ಅಂದಿದ್ದನೇ ಹೊರತು ಒಂದು ಗೆರೆ ಬರೆದುಕೊಟ್ಟಿರಲಿಲ್ಲ. ಗಡಿಯಿಂದ ಫೋನ್ ಮಾಡಿದರೆ ಆಸಾಮಿ ಎತ್ತಲೇ ಇಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಫೇಲಾಗೋದು ಹೊಸದಲ್ಲ. ಆದರೆ ಈ ಪರೀಕ್ಷೆಯಲ್ಲಿ ಫೇಲಾಗಿದ್ದು ನಾನೊಬ್ಬನೇ ಅಲ್ಲವಲ್ಲ!

ಮಾವನ ರೀಲು

ನಮ್ಮ ಮಾವ ತಿಪಟೂರು ಕಡೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ದೊರೈ–ಭಗವಾನ್ ನಿರ್ದೇಶನದ, ಅಣ್ಣಾವ್ರ ‘ಆಪರೇಷನ್ ಡೈಮಂಡ್ ರಾಕೆಟ್’ 1978ರಲ್ಲಿ ಬಂತು. ಸಿ.ಐ.ಡಿ. 999 ಸಾಲಿನ ನಾಲ್ಕನೇ ಚಿತ್ರ. ಅದು ನೇಪಾಳದಲ್ಲಿ ಚಿತ್ರೀಕರಣವಾದ ಕನ್ನಡ ಚಿತ್ರ ಅನ್ನೋದು ನಿಮಗೆ ಗೊತ್ತೇ ಇದೆ. ಮಾವ ಅದನ್ನು ಎಷ್ಟು ಷೋ ಓಡಿಸಿದ್ದರೋ ಅವರಿಗೇ ಲೆಕ್ಕವಿಲ್ಲ. ನೆಲದ ಮೇಲೆ ಕೂತ ಜನ ಅಣ್ಣಾವ್ರನ್ನು ನೋಡ್ತಿದ್ದರೆ, ಕ್ಯಾಬಿನ್ನಿನ ಕಿಂಡಿಯಿಂದ ಮಾವ ಅಣ್ಣಾವ್ರ ಹಿಂದಿದ್ದ ಬೆಟ್ಟ, ಗುಡಿ, ಬೀದಿ ನೋಡ್ತಿದ್ದರಂತೆ. “ಆ ಊರನ್ನ ಒಂದ್ಸಲ ಕಣ್ಣಾರೆ ನೋಡ್ಬೇಕು ಕಣೋ” ಅನ್ನೋದು ಅವರ ಹಳೇ ಮಾತು.

ಈಗ ಆ ಕಣ್ಣಿಗೇ ಸಂಚಕಾರ ಬಂದಿದೆ. ಗ್ಲಾಕೋಮ. ಪರದೆಯ ಅಂಚಿನಿಂದ ಕತ್ತಲು ಒಳಗೆ ಬರ್ತಿದೆ ಅಂತಾರೆ ಮಾವ. ಹೋದದ್ದು ವಾಪಸ್ ಬರೋದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಿ ಅಂದಿದ್ದಾರೆ ಡಾಕ್ಟರು. ಹಾಗಾಗಿ ಹಿಂದಿನ ಚಳಿಗಾಲದಲ್ಲಿ ಕೂಡಿಟ್ಟಿದ್ದ ದುಡ್ಡೆಲ್ಲ ಕೊಡವಿಕೊಂಡು ಹೊರಟಿದ್ದೆವು. ಗಡಿಯಿಂದ ತಿರುಗಿದಾಗ ನನ್ನ ಮುಖ ನೋಡಲಾರದೆ ಮಾವನೇ ಸಮಾಧಾನ ಹೇಳಿದರು: “ಟಿಕೆಟ್ ಇಲ್ದೆ ಗೇಟಿಗೆ ಬಂದೋರನ್ನ ನಾವೂ ಒಳಗೆ ಬಿಡ್ತಿರಲಿಲ್ಲ, ಬಿಡು ಮರಿ.”

ಈ ಸಲ ಟಿಕೆಟ್ ತಗೊಂಡೇ ಹೊರಡೋದು ಅಂತ ತೀರ್ಮಾನಿಸಿದ್ದೇನೆ. ಕೆಳಗಿನದು ನನ್ನ ಎರಡನೇ ಪ್ಲಾನು. ನಿಮ್ಮಲ್ಲಿ ಯಾರಾದರೂ ಆ ಕಡೆ ಹೊರಡೋರಿದ್ದರೆ ಜೇಬಿನಲ್ಲಿಟ್ಟುಕೊಳ್ಳಿ.

ಮೊದಲು ಕಾಗದ, ಆಮೇಲೆ ಪೆಟ್ರೋಲು

ಮನುಷ್ಯ ಗಡಿ ದಾಟೋದು ಸುಲಭ. 1950ರ ಭಾರತ–ನೇಪಾಳ ಒಪ್ಪಂದದ ಪುಣ್ಯ, ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಸಾಕು. ಆಧಾರ್ ಒಂದನ್ನೇ ನಂಬಿಕೊಂಡು ಹೋಗಬೇಡಿ.

ಕಷ್ಟ ಇರೋದು ಕಾರಿಗೆ. ಭಾರತದ ಗಾಡಿ ನೇಪಾಳದಲ್ಲಿ ಎಷ್ಟು ದಿನ ಇರುತ್ತೋ ಅಷ್ಟು ದಿನದ ಭನ್ಸಾರ್ ಸುಂಕವನ್ನು ಗಡಿಯಲ್ಲೇ ಕಟ್ಟಬೇಕು. ವರ್ಷಕ್ಕೆ 30 ದಿನಕ್ಕಿಂತ ಹೆಚ್ಚಿಗೆ ಇಡೋ ಹಾಗಿಲ್ಲ. ಆರ್.ಸಿ., ಇನ್ಷೂರೆನ್ಸ್, ಲೈಸೆನ್ಸ್ ಎಲ್ಲ ಅಸಲಿಯೇ ಕೈಯಲ್ಲಿರಬೇಕು. ಗಾಡಿ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ, “ಇಂಥ ಗಾಡಿಯನ್ನು ಇಂಥವರು ನೇಪಾಳಕ್ಕೆ ಒಯ್ಯಲು ನನ್ನ ಒಪ್ಪಿಗೆ ಇದೆ” ಅಂತ ಮಾಲೀಕ ಬರೆದುಕೊಟ್ಟ ಪತ್ರ ಬೇಕು. ನನ್ನ ಕಥೆ ಮುಗಿದದ್ದು ಇಲ್ಲೇ!

ಇನ್ನೊಂದು ಸೂಕ್ಷ್ಮ. ಕಾರಿನ ಇನ್ಷೂರೆನ್ಸ್ ಸಾಮಾನ್ಯವಾಗಿ ಭಾರತದೊಳಗಿನ ಮಾತು. ನೇಪಾಳಕ್ಕೂ ಅನ್ವಯ ಆಗಬೇಕಾದರೆ ಹೆಚ್ಚಿಗೆ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಸೇರಿಸಿಸಬೇಕು. ಸೇರಿಸದೆ ಹೋಗಿ ಅಲ್ಲಿ ಯಾರಿಗಾದರೂ ಗುದ್ದಿದರೆ, ಊರಿನ ಮನೆ ಮಾರಿದರೂ ಸಾಲದೆ ಹೋಗಬಹುದು ಗುರುವೇ.

ವಾಪಸ್ ಬಂದ ಮೇಲೆ ಹಠ ಹಿಡಿದು ಕಪ್ಪು ಬೋರ್ಡು, ಹಳದಿ ಅಕ್ಷರದ ಸೆಲ್ಫ್ ಡ್ರೈವ್ ಕಾರು ಕೊಡೋ ಐದಾರು ಕಡೆ ವಿಚಾರಿಸಿದೆ. “ದೇಶದ ಗಡಿ ದಾಟೋ ಹಾಗಿಲ್ಲ” ಅನ್ನೋ ಸಾಲು ಎಲ್ಲರ ಕರಾರಿನಲ್ಲೂ ಇತ್ತು. ನಾವು ಓದದೆ ಸಹಿ ಹಾಕ್ತೀವಲ್ಲ, ಅದೇ ಸಣ್ಣ ಅಕ್ಷರದಲ್ಲಿ! ಹೀಗಾಗಿ ಉಳಿದ ದಾರಿ ಎರಡೇ. ಸ್ವಂತ ಕಾರಿದ್ದವರು ಅದರಲ್ಲೇ ಹೋಗೋದು. ಇಲ್ಲದವರು ಭಾರತದ ಗಾಡಿಯನ್ನು ಸುನೌಲಿಯಲ್ಲೇ ಬಿಟ್ಟು, ನಡೆದು ಗಡಿ ದಾಟಿ, ಆಚೆಯ ಭೈರಹವಾದಲ್ಲಿ ನೇಪಾಳದ ನಂಬರಿನ ಕಾರನ್ನು ಡ್ರೈವರ್ ಸಮೇತ ಬಾಡಿಗೆಗೆ ಹಿಡಿಯೋದು. ಆ ಗಾಡಿಗೆ ನಿಮ್ಮಿಂದ ಭನ್ಸಾರೂ ಬೇಡ, ಪತ್ರವೂ ಬೇಡ.

ದುಡ್ಡಿನ ಲೆಕ್ಕ ಸುಲಭ. 1993ರಿಂದ ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು. ರೇಟು ಮಾತಾಡುವಾಗ “ಐ.ಸಿ.ನೋ, ಎನ್.ಸಿ.ನೋ” ಅಂತ ಕೇಳಿಬಿಡಿ. ಐ.ಸಿ. ಅಂದರೆ ನಮ್ಮ ದುಡ್ಡು, ಎನ್.ಸಿ. ಅವರದು. ನಮ್ಮ ದೊಡ್ಡ ನೋಟುಗಳ ಬಗ್ಗೆ ಅಲ್ಲಿ ನಿಯಮ ಬದಲಾಗ್ತಾ ಬಂದಿದೆ. ನೂರರ ನೋಟಿನ ಕಟ್ಟು ಇದ್ದರೆ ತಲೆನೋವಿಲ್ಲ. ಗಡಿಯಾರವನ್ನು 15 ನಿಮಿಷ ಮುಂದಕ್ಕೆ ತಿರುಗಿಸಿ. ಅವರ ವಿಕ್ರಮ ಶಕೆಯ ಕ್ಯಾಲೆಂಡರು ನಮಗಿಂತ ಸುಮಾರು 57 ವರ್ಷ ಮುಂದಿರುತ್ತೆ. ರಸೀದಿ ಮೇಲಿನ ತಾರೀಖು ನೋಡಿ ಗಾಬರಿ ಬೀಳಬೇಡಿ!

ದಾರಿ ಸಿನಿಮಾದ ಹಾಗಲ್ಲ

ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲಿದೆ, ಎರಡು ರಾತ್ರಿ. ಅಲ್ಲಿಂದ ಸುನೌಲಿ ಸುಮಾರು ನೂರು ಕಿಲೋಮೀಟರು. ಗಡಿ ದಾಟಿದ ಮೇಲೆ ಬುಟವಲ್, ನಾರಾಯಣಗಢ, ಮುಗ್ಲಿಂಗ್, ಕಠ್ಮಂಡು. ಅಲ್ಲಿಂದ ಪೂರ್ವಕ್ಕೆ 13 ಕಿಲೋಮೀಟರು ಹೋದರೆ ನಮ್ಮ ಗುರಿ, ಭಕ್ತಪುರ. ಲೆಕ್ಕದಲ್ಲಿ ಗಡಿಯಿಂದ 300 ಕಿಲೋಮೀಟರಿನೊಳಗೆ. ಬೆಂಗಳೂರು–ಹುಬ್ಬಳ್ಳಿಗಿಂತ ಕಮ್ಮಿಯೇ ಅಂತ ನಾನೂ ಮೊದಲು ನಕ್ಕಿದ್ದೆ.

ನಗಬೇಡಿ. ನಾರಾಯಣಗಢದಿಂದ ಮುಗ್ಲಿಂಗ್‌ವರೆಗಿನ 36 ಕಿಲೋಮೀಟರು ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತ್ರಿಶೂಲಿ ನದಿ. 2024ರ ಜುಲೈ 12ರ ಮುಂಜಾವದಲ್ಲಿ ಇದೇ ದಾರಿಯ ಸಿಮಲ್‌ತಾಲ್ ಬಳಿ ಗುಡ್ಡ ಕುಸಿದು ಎರಡು ಬಸ್ಸು ನದಿಗೆ ಕೊಚ್ಚಿಹೋದವು. ಅವುಗಳಲ್ಲಿ 60ಕ್ಕೂ ಹೆಚ್ಚು ಜನ ಇದ್ದರು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ ಈ ದಾರಿ ಬೇಡ, ಯಾವ ಕಾಲದಲ್ಲೂ ರಾತ್ರಿ ಬೇಡ. ಹೊರಡೋ ಮುಂಚೆ ಸುದ್ದಿಯನ್ನೂ ನೋಡಿ. 2025ರ ಸೆಪ್ಟೆಂಬರಿನಲ್ಲಿ ಯುವಕರ ಚಳವಳಿಗೆ ಅಲ್ಲಿನ ಪ್ರಧಾನಿಯೇ ರಾಜೀನಾಮೆ ಕೊಟ್ಟರು. ಅಂಥ ದಿನಗಳಲ್ಲಿ ಗಡಿಗೆ ಹೋಗಿ ನಿಲ್ಲೋದು ಬುದ್ಧಿವಂತಿಕೆ ಅಲ್ಲ. ಇನ್ನು ಕುಡಿದು ಗಾಡಿ ಓಡಿಸೋ ಶೂರರಿಗೆ ಒಂದು ಮಾತು: ಅಲ್ಲಿನ ಪೊಲೀಸರು ಬಾಯಿ ಮೂಸೋದ್ರಲ್ಲಿ ಬಲು ಚುರುಕು.

ಅಲ್ಲಿ ಏನಿದೆ ಅಂತೀರಾ?

ಭಕ್ತಪುರ ಮಲ್ಲ ರಾಜರ ಊರು. 1769ರಲ್ಲಿ ಗೋರ್ಖಾ ದೊರೆ ಪೃಥ್ವಿನಾರಾಯಣ ಶಾ ಗೆಲ್ಲೋವರೆಗೂ ಅದೊಂದು ರಾಜಧಾನಿ. ಇಟ್ಟಿಗೆ ಬೀದಿ, ಕೆತ್ತಿದ ಮರದ ಕಿಟಕಿ, ಐವತ್ತೈದು ಕಿಟಕಿಗಳ ಅರಮನೆ. ಬರ್ತೊಲುಚ್ಚಿ ತನ್ನ ‘ಲಿಟಲ್ ಬುದ್ಧ’ (1993) ಚಿತ್ರಕ್ಕೆ ಕ್ಯಾಮರಾ ಇಟ್ಟದ್ದು ಇಲ್ಲಿ.

ಊರ ನಡುವೆ ಐದು ಅಂತಸ್ತಿನ ನ್ಯಾತಪೋಲ ಗುಡಿ ಇದೆ. 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ್ದು. ಮೆಟ್ಟಿಲ ಎರಡೂ ಕಡೆ ಕಲ್ಲಿನ ಕಾವಲುಗಾರರು. ಎಲ್ಲಕ್ಕಿಂತ ಕೆಳಗೆ ಇಬ್ಬರು ಜಟ್ಟಿಗಳು, ಅವರ ಮೇಲೆ ಆನೆ, ಅದರ ಮೇಲೆ ಸಿಂಹ. ಹೀಗೆ ಮೇಲಿನವರು ಕೆಳಗಿನವರಿಗಿಂತ ಹತ್ತು ಪಟ್ಟು ಬಲಶಾಲಿಗಳು ಅಂತ ಅಲ್ಲಿಯ ನಂಬಿಕೆ. 1934ರ ಭೂಕಂಪಕ್ಕೂ ಬೀಳಲಿಲ್ಲ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ದೇಶದಾದ್ಯಂತ ಸುಮಾರು ಒಂಬತ್ತು ಸಾವಿರ ಜನ ಸತ್ತರು, ಅರಮನೆ ಚೌಕದ ವತ್ಸಲಾ ಗುಡಿ ನೆಲಸಮವಾಯಿತು. ಆವಾಗಲೂ ನ್ಯಾತಪೋಲ ನಿಂತೇ ಇತ್ತು!

ನಮಗೂ ಈ ಊರಿಗೂ ಹಳೇ ನಂಟಿದೆ. 1097ರಲ್ಲಿ ಮಿಥಿಲೆಯ ಸೀಮೆಯ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶಕ್ಕೆ ಹೆಸರೇ ಕರ್ಣಾಟ ವಂಶ. ಚಾಲುಕ್ಯರ ದಂಡಿನ ಜೊತೆ ಬಡಗಣಕ್ಕೆ ಬಂದವರು ಅಂತ ಇತಿಹಾಸಕಾರರು ಹೇಳ್ತಾರೆ. ಮುಂದೆ 1320ರ ದಶಕದಲ್ಲಿ ತುಘಲಕನ ಸೈನ್ಯ ಬಂದಾಗ ಅದೇ ವಂಶದ ಹರಿಸಿಂಹದೇವ ಬೆಟ್ಟಕ್ಕೆ ಓಡಿದ. ಅವನ ಮನೆಯವರಿಗೆ ಆಶ್ರಯ ಸಿಕ್ಕಿದ್ದು ಭಕ್ತಪುರದಲ್ಲಿ. ಮಲ್ಲರ ಕುಲದೇವತೆ ತಲೇಜು ಅವರ ಜೊತೆಗೇ ಬಂದಳು ಅನ್ನೋದು ಪ್ರತೀತಿ. ಇವತ್ತಿಗೂ ಕಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡೋ ಭಟ್ಟರು ಹೆಚ್ಚಾಗಿ ನಮ್ಮ ಕರ್ನಾಟಕದಿಂದ ಹೋದವರೇ. ಅವರ ಯಾರ ಹತ್ತಿರವೂ ಆರ್.ಸಿ. ಬುಕ್ ಇರಲಿಲ್ಲ ಅಂದರು ಮಾವ!

ಹೀರೋ ಯಾರು?

ಕೊನೆಗೆ ನನ್ನ ಪ್ಲಾನು ಏನು? ಒಂದು ತಿಂಗಳು ಯೋಚನೆ ಮಾಡಿದೆ. ಪರಿಚಯದವರೊಬ್ಬರು ತಮ್ಮ ಸ್ವಂತ ಕಾರು ಕೊಡ್ತೀನಿ, ಪತ್ರವನ್ನೂ ಬರೆದುಕೊಡ್ತೀನಿ ಅಂದರು. ಆಸೆ ಆಯ್ತು. ತ್ರಿಶೂಲಿ ದಂಡೆಯಲ್ಲಿ ಸ್ಟೇರಿಂಗ್ ಹಿಡಿದ ನನ್ನ ಫೋಟೋ ಇದೇ ಪುಟದಲ್ಲಿ ಅಚ್ಚಾಗೋ ಕನಸೂ ಬಿತ್ತು, ಸುಳ್ಳು ಹೇಳಲ್ಲ.

ಮಾವನ ಹತ್ತಿರ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಆ ದಾರೀಲಿ ನೀನು ರಸ್ತೆ ನೋಡ್ತೀಯ. ನನಗೆ ಅಂಚಿನಲ್ಲಿರೋದು ಕಾಣಲ್ಲ. ಎಡಗಡೆ ಏನಿದೆ, ಬಲಗಡೆ ಏನಿದೆ ಅಂತ ಯಾರೋ ಹೇಳೋರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ತೀರ್ಮಾನವಾಯಿತು. ಬರೋ ನವೆಂಬರಿಗೆ ರೈಲು. ಸುನೌಲಿಯಲ್ಲಿ ಮಾವನ ಕೈ ಹಿಡಿದು ನಡೆದೇ ಗಡಿ ದಾಟೋದು. ಆಚೆ ಕಡೆ ದಾರಿ ಬಲ್ಲ ಡ್ರೈವರಣ್ಣನ ಕಾರು. ನಾನು ಮಾವನ ಪಕ್ಕ ಹಿಂದಿನ ಸೀಟಿನಲ್ಲಿ, ಕೂಲಿಂಗ್ ಗ್ಲಾಸ್ ತೆಗೆದು, ಕಂಡದ್ದನ್ನೆಲ್ಲ ಹೇಳ್ತಾ ಕೂರೋದು.

ವೋಟರ್ ಕಾರ್ಡುಗಳನ್ನು ಈಗಲೇ ಚೀಲಕ್ಕೆ ಹಾಕಿದ್ದೇನೆ. ಮಾವನ ಕಣ್ಣಿನ ಡ್ರಾಪ್ಸು ಎರಡು ಬಾಟ್ಲಿ, ಒಂದು ಹೆಚ್ಚಿಗೆ.