ರಾಗಿಯ ತೆನೆಯೊಳಗಣ ಜೊತೆಗಾರರು

ವೈಟ್‌ಫೀಲ್ಡಿನ ಸುತ್ತಣ ಬೆದ್ದಲು ಹೊಲಗಳಲ್ಲಿ ಐವತ್ತು ವರ್ಷಗಳ ಹಿಂದೆ ರಾಗಿಯ ಪೈರು ತೂಗುತ್ತಿದ್ದಿತು; ಇಂದು ಆ ನೆಲದ ಬಹುಭಾಗದಲ್ಲಿ ಗಾಜಿನ ಸೌಧಗಳು ನಿಂತಿವೆ. ಆ ಪೈರಿನ ಹೂವು ಅತಿ ಸೂಕ್ಷ್ಮವಾದುದು. ಬಹುಮಟ್ಟಿಗೆ ತನ್ನ ಪರಾಗದಿಂದ ತಾನೇ ಕಾಳುಗಟ್ಟುವುದು. ಇದರ ಪರಿಣಾಮವೇನೆಂಬುದನ್ನು ಅರಿಯಬೇಕಾದರೆ ವಾಚಕರು ಜೀವಕಣದೊಳಕ್ಕೆ ಇಣಿಕಿ ನೋಡಬೇಕು.

ರಾಗಿಯ ಕಣದಲ್ಲಿ 36 ವರ್ಣತಂತುಗಳುಂಟು. (ಬಣ್ಣವನ್ನು ಹೀರುವುದರಿಂದ ಈ ಹೆಸರು, ಹಿಂದಿಯವರ ‘ಗುಣಸೂತ್ರ’ವೇ ಹೆಚ್ಚು ಒಪ್ಪುವ ಮಾತು.) ಇವು 18 ಜೊತೆಗಳು, ಪ್ರತಿ ಜೊತೆಯಲ್ಲಿ ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು. ಪರಾಗವೂ ಅಂಡವೂ ಹುಟ್ಟುವ ಕಾಲದಲ್ಲಿ ಈ ಸಜಾತೀಯ ಜೊತೆಗಾರರು ಒಂದನ್ನೊಂದು ಅಪ್ಪಿ ನಿಂತು, ನಡುನಡುವೆ ತುಂಡುಗಳನ್ನು ವಿನಿಮಯ ಮಾಡಿಕೊಂಡು, ಬಳಿಕ ಅಗಲುವುವು. ಯಾವುದು ಯಾವ ಕಡೆಗೆ ಸರಿಯುವುದೆಂಬುದಕ್ಕೆ ಕಟ್ಟಳೆಯಿಲ್ಲ. ಆದುದರಿಂದ 18 ಜೊತೆಗಳಿಂದ 2,62,144 ಬಗೆಯ ಪರಾಗಗಳು ಸಾಧ್ಯ, ಅದೂ ತುಂಡುಗಳ ವಿನಿಮಯವನ್ನು ಎಣಿಸದೆ! ಮನುಷ್ಯನಿಗಾದರೋ 23 ಜೊತೆಗಳು. ಲೆಕ್ಕವು 83,88,608ಕ್ಕೆ ಏರುವುದು. ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ಅಚ್ಚಿನವರಾಗದಿರುವುದು ಇದರಿಂದಲೇ.

ರಾಗಿಯಲ್ಲಿ ಮಾತ್ರ ಇದು ಬರಿಯ ಲೆಕ್ಕವಾಗಿಯೇ ಉಳಿಯುವುದು. ತಲೆತಲಾಂತರದಿಂದ ಸ್ವಪರಾಗದಲ್ಲಿ ಬೆಳೆದ ತಳಿಯಲ್ಲಿ ಜೊತೆಗಾರರಿಬ್ಬರೂ ಹೆಚ್ಚುಕಡಮೆ ಒಂದೇ. ಎರಡು ಕೈಗಳಲ್ಲಿಯೂ ಒಂದೇ ನಾಣ್ಯವಿದ್ದರೆ ಕೈಬದಲಿಸಿದವನಿಗೆ ಲಾಭವೇನು? ಭಿನ್ನಗುಣದ ಜೊತೆಗಾರನು ಹೊರಗಿನಿಂದಲೇ ಬರಬೇಕು.

‘ರಾಗಿ ಲಕ್ಷ್ಮಣಯ್ಯ’ರೆಂದು ಪ್ರಸಿದ್ಧರಾದ ವಿಜ್ಞಾನಿಯು ಮಂಡ್ಯದ ವಿ.ಸಿ. ಫಾರಂನಲ್ಲಿ ಮಾಡಿದುದು ಇದನ್ನೇ. ಅರುಣ, ಪೂರ್ಣ, ಅನ್ನಪೂರ್ಣ ಮೊದಲಾದ ತಳಿಗಳನ್ನು ಕೊಟ್ಟ ಬಳಿಕ ಅವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿದರು. ಇಂಡಿಯಾ, ಆಫ್ರಿಕ ಎಂಬೆರಡು ಹೆಸರುಗಳ ತಲೆಗಳನ್ನು ಸೇರಿಸಿ ‘ಇಂಡಾಫ್’ ಎಂದು ಹೆಸರಾಯಿತು. ಕಣ್ಣಿಗೆ ಸುಲಭವಾಗಿ ನಿಲುಕದ ಹೂವನ್ನು ಸಂಕರಗೊಳಿಸುವ ತಾಳ್ಮೆ ಎಂತಹುದೋ! ಇಂತಹ ಸಂಕರದ ಮೊದಲ ತಲೆಮಾರಿನ ಪೈರೆಲ್ಲ ಒಂದೇ ತೆರನಾಗಿರುವುದು. ಅದರ ಹೂವಿನಲ್ಲಿ ಜೊತೆಗಾರರು ಅಗಲಿದ ಮೇಲೆ, ಎರಡನೆಯದರಲ್ಲಿ ಗಿಡ್ಡ, ನೀಳ, ಮುಷ್ಟಿತೆನೆ, ಬಿಚ್ಚುತೆನೆ ಎಲ್ಲವೂ ಮೊಳೆಯುವುವು. ಒಳ್ಳೆಯದನ್ನು ಆರಿಸುತ್ತ, ಜೊತೆಗಾರರು ಮತ್ತೆ ಒಂದೇ ಆಗುವವರೆಗೆ ವರ್ಷವರ್ಷವೂ ಬಿತ್ತಬೇಕು.

ಹೊಲ ಹೋದರೆ ಕಾಳು ಪೇಟೆಯಲ್ಲಿ ದೊರೆತೀತು. ನಾಟಿ ತಳಿಯೊಡನೆ ಹೋದ ಜೊತೆಗಾರನು ದೊರೆಯನು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೆಂಕಿರೋಗವನ್ನು ತಾಳುವ ಜಿ.ಪಿ.ಯು. 28 ತಳಿಯು ಹುಟ್ಟಿದಾಗ, ಅದರ ಹಿರಿಯರಲ್ಲಿ ಇಂಡಾಫ್ 5 ಕೂಡ ಒಂದಾಗಿದ್ದಿತು.