ಸೆಳೆತದ ತಕ್ಕಡಿ

ಬೆಲ್ಲವನ್ನು ತೂಗುವ ತಕ್ಕಡಿಯಲ್ಲಿ ಯಾರೂ ಬಂಗಾರವನ್ನು ತೂಗುವುದಿಲ್ಲ. ಈ ಸಾಮಾನ್ಯ ವಿವೇಕವನ್ನು ತೂಕ-ಅಳತೆಯ ಪಾಠದಲ್ಲಿ ವರ್ಷವರ್ಷವೂ ಮಕ್ಕಳಿಗೆ ಬೋಧಿಸುತ್ತ ಬಂದ ನಾವೇ ಒಂದು ಹಳೆಯ ಟೇಪ್ ರೆಕಾರ್ಡರಿನ ಮುಂದೆ ಅದನ್ನು ಮರೆತೆವು. ಆ ಮರೆವಿಗೆ ತೆತ್ತ ಬೆಲೆಯನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಅಂಚೆಟ್ಟಿಯ ನಮ್ಮ ಮನೆಯ ಅಟ್ಟದ ಮೇಲೆ ಸುರುಳಿ ಟೇಪಿನ ಯಂತ್ರವೊಂದು ಬಹುಕಾಲದಿಂದ ಮಲಗಿತ್ತು. ದೊಡ್ಡಪ್ಪನವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಅದನ್ನು ಕೊಂಡಿದ್ದರು. 1972ರಲ್ಲಿ ಊರಿಗೆ ಬಂದಾಗ ಅಜ್ಜಿಯ ಬೀಸುವ ಪದಗಳನ್ನೂ, ಕಾವೇರಿಯಾಚೆಯ ಬೆಟ್ಟದ ಮಾದೇಶ್ವರನನ್ನು ಕುರಿತ ಪದಗಳನ್ನೂ ಒಂದು ಸುರುಳಿಯ ತುಂಬ ಹಿಡಿದಿಟ್ಟಿದ್ದರು. ನಾವು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡರು. ಅವರ ಮುಖವನ್ನು ಭಾವಚಿತ್ರದಲ್ಲಿ ಕಂಡಿದ್ದೆವು, ಧ್ವನಿಯನ್ನು ಕೇಳಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಗೆರೆಯಿಂದ ಈಚೆಗುಳಿದ ನಮ್ಮ ಸೀಮೆಯ ಆಡುಗನ್ನಡ ಹೇಗಿತ್ತೆಂಬುದಕ್ಕೆ ಪಠ್ಯಪುಸ್ತಕವು ಸಾಕ್ಷಿಯಾಗಲಾರದು. ಅಜ್ಜಿಯ ನಾಲಗೆಯೇ ಸಾಕ್ಷಿ.

ಇಂತಹ ಸುರುಳಿಗಳನ್ನು ನುಡಿಸುವ ಯಂತ್ರಗಳೂ ಅವನ್ನು ಬಲ್ಲವರೂ ಬೇಗನೆ ಕಣ್ಮರೆಯಾಗುತ್ತಿರುವರೆಂದು ಯುನೆಸ್ಕೋ 2019ರಲ್ಲಿಯೇ ಜಗತ್ತನ್ನು ಎಚ್ಚರಿಸಿತ್ತು. ನಮಗೂ ಆತುರ ಹತ್ತಿತು. ಯಂತ್ರವನ್ನು ಕೆಳಗಿಳಿಸಿ, ಧೂಳೊರೆಸಿ, ರಬ್ಬರಿನ ಬೆಲ್ಟನ್ನು ಬದಲಾಯಿಸಿ, ಸುರುಳಿಯನ್ನು ಹೂಡಿದೆವು. ಅಜ್ಜಿ ಹಾಡಿದರು! ದೊಡ್ಡಪ್ಪನವರ ಕಣ್ಣು ತುಂಬಿ ಬಂದಿತು. ಆದರೆ ಸುರುಳಿ ಮುಗಿಯುತ್ತ ಬಂದಂತೆ ಧ್ವನಿ ಬಳುಕತೊಡಗಿತು. “ಎಳೀತಾ ಇದೆ ಕಣಪ್ಪ, ನಿಲ್ಲಿಸು” ಎಂದರು ದೊಡ್ಡಪ್ಪ. ಗಾಬರಿಯಿಂದ ಗುಂಡಿಯನ್ನೊತ್ತಿದೆವು. ಯಂತ್ರ ಜಗ್ಗಿ ನಿಂತಿತು. ಟೇಪು ದಾರದಂತೆ ನುಲಿದುಕೊಂಡಿತು.

ಅಸಿಟೇಟಿನ ಹಳೆಯ ಟೇಪು ಎಳೆದರೆ ತಟ್ಟನೆ ತುಂಡಾಗುತ್ತದೆ; ತುಂಡುಗಳನ್ನು ಅಂಟಿಸಬಹುದು. ಪಾಲಿಯೆಸ್ಟರಿನ ತೆಳು ಟೇಪು ತುಂಡಾಗುವ ಮೊದಲು ಹಿಗ್ಗುತ್ತದೆ. ಹಿಗ್ಗಿದ್ದನ್ನು ಕುಗ್ಗಿಸುವ ವಿದ್ಯೆ ಯಾರಿಗೂ ತಿಳಿಯದು. ನಮ್ಮದು ಎರಡನೆಯ ಬಗೆ.

ಕಾರಣವನ್ನು ಅರಸಿದಾಗ ಸರಳವಾದ ಲೆಕ್ಕವೊಂದು ಹೊರಬಿದ್ದಿತು. ಟೇಪನ್ನು ಬಿಚ್ಚಿಕೊಡುವ ಸುರುಳಿಗೆ ಬ್ರೇಕಿನ ತಡೆಯಿರುತ್ತದೆ. ತಡೆಯ ತಿರುಚುಬಲ ಒಂದೇ ಸಮನಿದ್ದರೂ ಟೇಪಿನ ಸೆಳೆತ ಒಂದೇ ಸಮನಿರದು. ತಿರುಚುಬಲವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವುದೇ ಸೆಳೆತ. 7 ಅಂಗುಲದ ಸುರುಳಿ ತುಂಬಿದ್ದಾಗ ತ್ರಿಜ್ಯ ಸುಮಾರು 8.5 ಸೆಂ.ಮೀ.; ಮುಗಿಯುವಾಗ ಸುಮಾರು 2.8 ಸೆಂ.ಮೀ. ಎಂದರೆ ಕೊನೆಯ ಪದಕ್ಕೆ ಮೊದಲ ಪದದ ಮೂರು ಪಟ್ಟು ಎಳೆತ! ಅದರ ಮೇಲೆ ಅಂಟಂಟಾದ ಬ್ರೇಕು ಆಗಾಗ ಹಿಡಿದು ಬಿಟ್ಟು ಮಾಡಿದರೆ ಕೇಳುವುದೇನು?

ಇನ್ನು ಅಳೆಯದೆ ಮುಟ್ಟಬಾರದೆಂದು ನಿಶ್ಚಯಿಸಿ ಮಾಪಕವನ್ನು ಹುಡುಕಹೊರಟೆವು. ಮನೆಯ ತರಕಾರಿ ಸ್ಪ್ರಿಂಗ್ ತಕ್ಕಡಿಯಲ್ಲಿ ಒಂದು ಗೆರೆಯೆಂದರೆ 50 ಗ್ರಾಂ. ನಮಗೆ ಬೇಕಾದ ಅಳತೆಯೆಲ್ಲ ಒಂದೆರಡು ಗೆರೆಗಳೊಳಗೇ ಅಡಗಿಹೋಗುತ್ತಿತ್ತು. ಬೆಂಗಳೂರಿನಲ್ಲಿ ವ್ಯಾಪಾರಿಯೊಬ್ಬರು ಅಮೆರಿಕದ ಟೆಂಟೆಲೋಮೀಟರನ್ನು ತೋರಿಸಿದರು. ಅದಕ್ಕೆ ಮೂರು ಕಡ್ಡಿಗಳು. ಅವುಗಳ ನಡುವೆ ಟೇಪನ್ನು ಹಾಯಿಸಿದರೆ, ಯಂತ್ರ ಓಡುತ್ತಿರುವಾಗಲೇ ಮುಳ್ಳು ಸೆಳೆತವನ್ನು ಹೇಳುತ್ತದೆ. ವೃತ್ತಿಯವರಿಗೆ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ನಮ್ಮ ಪುಟ್ಟ ಯಂತ್ರದಲ್ಲಿ ಸುರುಳಿಗೂ ಹೆಡ್ಡಿಗೂ ನಡುವೆ ಅದನ್ನು ಇಡುವಷ್ಟು ಎಡೆಯಿರಲಿಲ್ಲ. ಮೇಲಾಗಿ ಅದು ಕೈ ಬದಲಾಯಿಸಿ ಬಂದದ್ದು. ಎಷ್ಟು ದಪ್ಪದ ಟೇಪಿಗೆಂದು ಸರಿಹೊಂದಿಸಿದ್ದರೋ ಹೇಳುವವರಿರಲಿಲ್ಲ. ಬೆಲೆಯಂತೂ ನಮ್ಮ ತಿಂಗಳ ಸಂಬಳವನ್ನು ಅಣಕಿಸುವಂತಿತ್ತು.

ಕೊನೆಗೆ ಆಯ್ದುಕೊಂಡದ್ದು ಸ್ವಿಟ್ಸರ್ಲೆಂಡಿನ ಕೊರೆಕ್ಸ್ ಮಾದರಿಯ, ಗಡಿಯಾರದ ಮುಖದಂತಹ ಪುಟ್ಟ ಮಾಪಕ. 100 ಗ್ರಾಮಿನವರೆಗೆ ತೋರಿಸುವ ಅದನ್ನು ರಿಲೇಗಳ ತೆಳು ಪಟ್ಟಿಗಳ ಒತ್ತಡವನ್ನು ಅಳೆಯಲು ಬಳಸುತ್ತಾರೆ. ಓಡುವ ಟೇಪನ್ನು ಅದು ಅಳೆಯಲಾರದು ನಿಜ. ಬರಿಯ ಸುರುಳಿಗೆ ದಾರ ಸುತ್ತಿ, ತುದಿಯನ್ನು ಮಾಪಕದ ಕಡ್ಡಿಗೆ ಕಟ್ಟಿ ಮೆಲ್ಲನೆ ಎಳೆಯಬೇಕು; ಸುರುಳಿ ಕದಲುವ ಕ್ಷಣದ ಅಂಕೆಯನ್ನಲ್ಲ, ಸಮನಾಗಿ ತಿರುಗುವಾಗಿನ ಅಂಕೆಯನ್ನು ಓದಬೇಕು. ನಂಬುವ ಮೊದಲು ಶಾಲೆಯ ತೂಕದ ಪೆಟ್ಟಿಗೆಯ 50 ಗ್ರಾಮಿನ ಬಟ್ಟನ್ನು ಕಡ್ಡಿಗೆ ತೂಗುಬಿಟ್ಟು ಪರೀಕ್ಷಿಸಿದೆವು. ಸುತ್ತ ನೆರೆದ ಮಕ್ಕಳು “ಐವತ್ತು ಸಾರ್!” ಎಂದು ಕೂಗಿದಾಗ ನಮಗಾದ ಸಮಾಧಾನ ಅಷ್ಟಿಷ್ಟಲ್ಲ.

ಬ್ರೇಕನ್ನು ಅಳೆದಾಗ ಮುಳ್ಳು 100ರ ಗೆರೆಯನ್ನು ದಾಟಿ ತಡೆಗೆ ತಾಗಿತು. ಗಟ್ಟಿಯಾಗಿದ್ದ ಉಣ್ಣೆಯ ಮೆತ್ತೆಯನ್ನು ಸ್ಪಿರಿಟಿನಿಂದ ತೊಳೆದು ಒಣಗಿಸಿ, ಸ್ಪ್ರಿಂಗನ್ನು ಸಡಿಲಿಸಿದ ಮೇಲೆ 85ಕ್ಕೆ ಇಳಿಯಿತು. ತುಂಬಿದ ಸುರುಳಿಯಲ್ಲಿ ಅದು 28 ಗ್ರಾಮಾಗುವುದೆಂದು ಮಕ್ಕಳೇ ಲೆಕ್ಕ ಹಾಕಿದರು. ಆ ಬಳಿಕವೇ ಅಜ್ಜಿಯನ್ನು ಮತ್ತೆ ಹಾಡಿಸಿದೆವು. ಕೇಳುತ್ತಲೇ ಪ್ರತಿಯನ್ನೂ ತೆಗೆದಿಟ್ಟೆವು.

ತರಗತಿಯಲ್ಲಿ ಅದನ್ನು ಕೇಳಿಸಿದ ದಿನ ಒಬ್ಬ ಹುಡುಗಿ ಎದ್ದುನಿಂತು, “ನಮ್ಮ ಅಜ್ಜೀನೂ ಹಿಂಗೇ ಮಾತಾಡ್ತಾರೆ ಸಾರ್” ಎಂದಳು. ಅವಳ ಅಜ್ಜಿಯ ಧ್ವನಿಯನ್ನು ಹಿಡಿದಿಡಲು ಇಂದು ಸುರುಳಿಯೂ ಬೇಡ, ಮಾಪಕವೂ ಬೇಡ. ಕೈಯ ಫೋನು ಸಾಕು. ನಮ್ಮ ಅಜ್ಜಿಯ ಕೊನೆಯ ಪದದ ಕೊನೆಯ ಸಾಲುಗಳಾದರೋ ಇಂದಿಗೂ ಬಳುಕುತ್ತವೆ. ಅಲ್ಲಿ ಅವರು ಏನು ಹಾಡಿದರೆಂಬುದು ದೊಡ್ಡಪ್ಪನವರಿಗೂ ನೆನಪಿಲ್ಲ. ಮಾಪಕವನ್ನು ಒಂದು ತಿಂಗಳು ಮೊದಲೇ ಕೊಂಡಿದ್ದರೆ ಅದು ನಮಗೆ ತಿಳಿದಿರುತ್ತಿತ್ತು.