ಲೆಕ್ಕಕ್ಕೆ ಬಂದ ಆಟ

ನಮ್ಮ ಚಳ್ಳಕೆರೆಯ ಬೇಸಗೆಯನ್ನು ಕಂಡವರಿಗೆ ಅದನ್ನು ವರ್ಣಿಸಬೇಕಾದ ಅಗತ್ಯವಿಲ್ಲ. ಕಾಣದವರಿಗೆ ವರ್ಣಿಸಿ ಫಲವಿಲ್ಲ. ಹೊತ್ತು ಏರಿದ ಮೇಲೆ ಬೀದಿಯಲ್ಲಿ ನಾಯಿ ಕೂಡ ತಿರುಗುವುದಿಲ್ಲವೆಂದರೆ ಸಾಕು. ಅಂತಹ ಒಂದು ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ನಮ್ಮ ಮಗಳ ಮಕ್ಕಳಿಬ್ಬರು ಬಂದರು. ಅವರ ಸಂಗಡ ಒಂದು ಆಟದ ಯಂತ್ರವೂ ಬಂದಿತು. ಅದನ್ನು ಟೆಲಿವಿಷನ್ನಿಗೆ ಜೋಡಿಸಿ, ಗೇಣುದ್ದವೂ ಇಲ್ಲದ ಒಂದೊಂದು ಹಿಡಿಯನ್ನು ಕೈಗೆ ತೆಗೆದುಕೊಂಡು, ಮಕ್ಕಳು ಕಿರುಚುತ್ತ ಕುಣಿಯುತ್ತ ಆಡಲಾರಂಭಿಸಿದರು. ನಿವೃತ್ತನಾದ ಉಪಾಧ್ಯಾಯನಿಗೆ ಮಕ್ಕಳ ಗದ್ದಲ ಹೊಸದಲ್ಲ. ಆದರೆ ಅದನ್ನು ಅಡಗಿಸುವ ಅಧಿಕಾರ ಕೈತಪ್ಪಿದ ಮೇಲೆ ಅದೇ ಗದ್ದಲವು ಮೊದಲಿಗಿಂತ ದೊಡ್ಡದಾಗಿ ಕೇಳಿಸುವುದು ಸಹಜ. ನಾವು ಪುಸ್ತಕವನ್ನೆತ್ತಿಕೊಂಡು ಹಿತ್ತಿಲ ಜಗಲಿಗೆ ಹೊರಟುಹೋದೆವು.

ನಮ್ಮ ತಮ್ಮನು ಮಾತ್ರ ಅಲ್ಲಿಯೇ ಉಳಿದನು. ಅವನ ವಿಷಯವಾಗಿ ವಾಚಕರಿಗೆ ಸ್ವಲ್ಪ ಹೇಳಬೇಕು. ಎರಡು ವರ್ಷದ ಕೂಸಾಗಿದ್ದಾಗ್ಗೆ ಅವನಿಗೆ ಪೋಲಿಯೋ ತಗುಲಿ ಎಡಗಾಲೂ ಎಡಗೈಯೂ ಬಲಹೀನವಾದವು. ಈಗಿನ ತಾಯಿತಂದೆಗಳು ಆ ಹೆಸರನ್ನು ಲಸಿಕೆಯ ಹನಿಯ ಮೂಲಕ ಮಾತ್ರ ಬಲ್ಲರು. 2014ರಲ್ಲಿ ನಮ್ಮ ದೇಶವು ಆ ರೋಗದಿಂದ ಮುಕ್ತವಾಯಿತೆಂದು ಸಾರಲ್ಪಟ್ಟಿತು. ನಮ್ಮ ಬಾಲ್ಯದಲ್ಲಾದರೋ ಬೀದಿಗೊಬ್ಬನಾದರೂ ಅಂತಹ ಹುಡುಗನಿರುತ್ತಿದ್ದನು. ನಮ್ಮ ಬೀದಿಯವನು ನಮ್ಮ ಮನೆಯಲ್ಲಿಯೇ ಇದ್ದನು.

ಸಾಯಂಕಾಲ ಎಣ್ಣೆಯ ಗಿರಣಿಗಳ ಹಿಂದಿನ ಬಯಲಿನಲ್ಲಿ, ಶೇಂಗಾ ಸಿಪ್ಪೆಯ ರಾಶಿಗಳ ನಡುವೆ, ನಮ್ಮ ಲಗೋರಿ, ಚಿನ್ನಿದಾಂಡುಗಳು ನಡೆಯುತ್ತಿದ್ದವು. ತಮ್ಮನನ್ನು ಬಿಟ್ಟು ಹೋಗಕೂಡದೆಂದು ತಾಯಿಯವರ ಕಟ್ಟಪ್ಪಣೆ. ಕರೆದುಕೊಂಡು ಹೋಗುತ್ತಿದ್ದೆವು, ಯಾವುದಾದರೊಂದು ಪಕ್ಷಕ್ಕೆ ಸೇರಿಸಿಕೊಳ್ಳುತ್ತಲೂ ಇದ್ದೆವು, ಸೇರಿಸಿಕೊಂಡೊಡನೆ ನಾಯಕನಾದವನು ಗಟ್ಟಿಯಾಗಿ, “ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ” ಎಂದು ಸಾರಿಬಿಡುತ್ತಿದ್ದನು. ಆ ನಾಯಕನು ಬಹುಮಟ್ಟಿಗೆ ನಾವೇ. ಈ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇದರಲ್ಲಿ ದಯೆ ಇಲ್ಲವೆಂದು ಹೇಳಲಾಗದು. ಚೆಂಡು ತಗುಲಿದರೂ ಅಂತಹವನಿಗೆ ತಗುಲಿದಂತಲ್ಲ, ಸಿಕ್ಕಿಬಿದ್ದರೂ ಸಿಕ್ಕಿಬಿದ್ದಂತಲ್ಲ. ಆದರೆ ಅವನು ಹೊಡೆದರೂ ಹೊಡೆದಂತಲ್ಲ. ಒಂದು ದಿನ ಅವನು ಕುಳಿತಲ್ಲಿಂದಲೇ ಚೆಂಡನ್ನೆಸೆದು ಏಳು ಬಿಲ್ಲೆಗಳನ್ನೂ ಒಂದೇ ಏಟಿಗೆ ಉರುಳಿಸಿದನು. ಎದುರು ಪಕ್ಷದವರು “ಲೆಕ್ಕಕ್ಕಿಲ್ಲ” ಎಂದರು. ನಾವೂ ಹೌದೆಂದು ಒಪ್ಪಿ ಬಿಲ್ಲೆಗಳನ್ನು ಮತ್ತೆ ಪೇರಿಸಿದೆವು. ಅವನು ಏನೊಂದನ್ನೂ ಆಡಲಿಲ್ಲ. ಮರುದಿನದಿಂದ, ಗಿರಣಿಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆಯೆಳೆದು ಎರಡು ಪಕ್ಷಗಳ ಲೆಕ್ಕವನ್ನು ಬರೆಯುವುದು ಅವನ ಕೆಲಸವಾಯಿತು.

ಮನೆಯೊಳಗಣ ಆಟಗಳ ನ್ಯಾಯವೇ ಬೇರೆ. ಮಟಮಟ ಮಧ್ಯಾಹ್ನದಲ್ಲಿ ನಡುಮನೆಯ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಬರೆದರೆ, ಕವಡೆಯು ನಿನ್ನ ಕಾಲು ಹೇಗಿದೆಯೆಂದು ಯಾರನ್ನೂ ಕೇಳುವುದಿಲ್ಲ. ನಮ್ಮ ಅಜ್ಜಿಯವರಿಗೆ ಕಣ್ಣಿಗೆ ಪೊರೆ ಬಂದು ಬೆಳಕು ನೆರಳುಗಳ ಭೇದವಷ್ಟೇ ಉಳಿದಿದ್ದಿತು. ಇದ್ದಾಗ್ಯೂ ಅಳಿಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಎಲ್ಲಿ ಎಷ್ಟು ಹುಣಿಸೆಬೀಜಗಳಿವೆಯೆಂಬುದನ್ನು ಬೆರಳ ತುದಿಯಿಂದಲೇ ಅರಿತುಕೊಂಡು ಅವರು ನಮ್ಮಿಬ್ಬರನ್ನೂ ಸೋಲಿಸುತ್ತಿದ್ದರು. ಆ ಮಣೆಯನ್ನು ಮೊದಲು ಕೊರೆದ ಬಡಗಿಗೆ ಕುರುಡರ ಯೋಚನೆ ಇದ್ದಿತೋ ಇಲ್ಲವೋ, ಗುಳಿಯಂತೂ ಬೆರಳಿಗೆ ಸಿಕ್ಕುತ್ತಿದ್ದಿತು. ಅಲ್ಲಿ ತಮ್ಮನು ಲೆಕ್ಕಕ್ಕೆ ಸೇರಿದವನು. ನಮಗಿಂತ ಹೆಚ್ಚಾಗಿಯೇ ಗೆಲ್ಲುತ್ತಿದ್ದನು. ದೊಡ್ಡವನಾದ ಮೇಲೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನಾದನು. ಹೊರದೇಶದ ತಾಳೆಯೆಣ್ಣೆಯು ಅಗ್ಗವಾಗಿ ಬರತೊಡಗಿದ ಮೇಲೆ ನಮ್ಮೂರಿನ ಎಷ್ಟೋ ಗಿರಣಿಗಳು ನಿಂತುಹೋದವಷ್ಟೆ. ಅವನ ಗಿರಣಿಯೂ ನಿಂತಿತು. ಅಂದಿನಿಂದ ಅವನು ನಮ್ಮ ಮನೆಯಲ್ಲಿದ್ದಾನೆ.

ಆ ಮಧ್ಯಾಹ್ನ ಒಳಗಿನಿಂದ ಅವನ ನಗೆ ಕೇಳಿಸಿತು. ಅಪರೂಪದ ಶಬ್ದವಾದುದರಿಂದ ಎದ್ದು ಹೋಗಿ ನೋಡಿದೆವು. ಮೊಮ್ಮಗಳು ಒಂದು ಹಿಡಿಯನ್ನು ಅವನ ಬಲಗೈಯಲ್ಲಿರಿಸಿದ್ದಳು. “ನನಗೆ ಒಂದೇ ಕೈಯಲ್ಲವೆ, ಮಗು?” ಎಂದು ಅವನು ಹಿಂಜರಿದುದಕ್ಕೆ, “ಒಂದೇ ಸಾಕು, ಚಿಕ್ಕತಾತ” ಎಂದು ಉತ್ತರಕೊಟ್ಟು, ಅವಳು ಪರದೆಯ ಮೇಲೆ ಏನೇನನ್ನೋ ಒತ್ತುತ್ತಿದ್ದಳು.

ಆಟದ ಹೆಸರು ಮಾರಿಯೋ ಕಾರ್ಟ್ 8 ಡಿಲಕ್ಸ್. ಇದನ್ನು 2017ರಲ್ಲಿ ಹೊರತಂದವರು ಜಪಾನಿನ ನಿಂಟೆಂಡೊ ಕಂಪನಿಯವರು. ಆ ಕಂಪನಿಯು 1889ರಲ್ಲಿ ಕ್ಯೋಟೋ ಪಟ್ಟಣದಲ್ಲಿ ಹನಫುದವೆಂಬ ಆಟದ ಎಲೆಗಳನ್ನು ಮಾಡುವ ಅಂಗಡಿಯಾಗಿ ಹುಟ್ಟಿತೆಂದು ತಿಳಿದಾಗ, ನಮ್ಮ ಮೈಸೂರಿನ ಗಂಜೀಫಾ ನೆನಪಾಗಿ, ನಮ್ಮ ಕೋಪವು ಅರ್ಧಕ್ಕಿಳಿಯಿತು. ಹನ್ನೆರಡು ಪುಟ್ಟ ಬಂಡಿಗಳು ಸಾಮಾನ್ಯವಾಗಿ ಮೂರು ಸುತ್ತು ಓಡುತ್ತವೆ; ಒಬ್ಬರ ದಾರಿಗೊಬ್ಬರು ಬಾಳೆಹಣ್ಣಿನ ಸಿಪ್ಪೆಯನ್ನೆಸೆಯುತ್ತಾರೆ. ಹಿಂದುಳಿದವನಿಗೆ ಬಲವಾದ ಆಯುಧವೂ ಮುಂದಿರುವವನಿಗೆ ಸಾಧಾರಣವಾದುದೂ ಸಿಕ್ಕುವಂತೆ ಏರ್ಪಾಟು ಮಾಡಿದ್ದಾರೆ. ಇದಿಷ್ಟು ಎಲ್ಲರಿಗೂ ಸಮಾನ. ಇದರ ಮೇಲೆ, ಬೇಕಾದವರು ಮಾತ್ರ ತೆಗೆದುಕೊಳ್ಳಬಹುದಾದ ಮೂರು ಅನುಕೂಲಗಳುಂಟು. ಆಟೋ ಆಕ್ಸಿಲರೇಟ್ ಎಂಬುದನ್ನು ಇಟ್ಟುಕೊಂಡರೆ ಗುಂಡಿಯನ್ನು ಒತ್ತಿಹಿಡಿಯದೆಯೇ ಬಂಡಿಯು ಓಡುತ್ತದೆ. ಎರಡನೆಯದರಿಂದ, ಕಡ್ಡಿಯನ್ನು ಬೆರಳಿನಿಂದ ತಿರುಗಿಸುವುದಕ್ಕೆ ಬದಲು ಹಿಡಿಯನ್ನೇ ಎಡಬಲಕ್ಕೆ ವಾಲಿಸಿ ನಡೆಸಬಹುದು. ಮೂರನೆಯದು ಸ್ಮಾರ್ಟ್ ಸ್ಟಿಯರಿಂಗ್; ಇದು ಬಂಡಿಯನ್ನು ದಾರಿ ಬಿಟ್ಟು ಹಳ್ಳಕ್ಕೆ ಬೀಳಗೊಡುವುದಿಲ್ಲ. ಒಬ್ಬನು ಇವನ್ನು ತೆಗೆದುಕೊಂಡ ಮಾತ್ರಕ್ಕೆ ಪಕ್ಕದವನು ತೆಗೆದುಕೊಳ್ಳಬೇಕೆಂದಿಲ್ಲ; ಅವರವರ ಬಂಡಿಗೆ ಅವರವರದು. ಸಂಪೂರ್ಣವಾಗಿ ಕಣ್ಣು ಕಾಣದವರಿಗೆ ಇದರಲ್ಲಿ ನೆರವಿಲ್ಲವೆಂಬುದನ್ನೂ ಹೇಳಿಬಿಡಬೇಕು. 2023ರಲ್ಲಿ ಬಂದ ಫೋರ್ಜಾ ಮೋಟರ್‌ಸ್ಪೋರ್ಟ್ ಎಂಬ ಬೇರೊಂದು ಓಟದ ಆಟದಲ್ಲಿ ತಿರುವುಗಳನ್ನು ಶಬ್ದದಿಂದಲೇ ಅರಿತು ಓಡಿಸುವ ಉಪಾಯವುಂಟೆಂದು ಮೊಮ್ಮಗಳು ಹೇಳಿದಳು. ಅಜ್ಜಿಯವರಿದ್ದಿದ್ದರೆ ಅದನ್ನೂ ಕೈಗೆ ತೆಗೆದುಕೊಳ್ಳುತ್ತಿದ್ದರು.

ತಮ್ಮನ ಮೊದಲನೆಯ ಓಟ ಮುಗಿಯಿತು. ಆಯುಧವನ್ನೆಸೆಯುವ ಗುಂಡಿಗೆ ಅವನು ಹಿಡಿಯನ್ನು ತೊಡೆಗೊತ್ತಿ ಬೆರಳು ಚಾಚಬೇಕಾಗಿದ್ದುದರಿಂದ, ಬಹಳ ವೇಳೆ ಬಾಳೆಹಣ್ಣು ಅವನ ಬಳಿಯಲ್ಲಿಯೇ ಉಳಿಯಿತು. ಒಂಬತ್ತನೆಯವನಾಗಿ ಬಂದನು. ಪರದೆಯ ಮೇಲೆ ಹನ್ನೆರಡು ಹೆಸರುಗಳೂ ಅವುಗಳ ಮುಂದೆ ಅಂಕಗಳೂ ಮೂಡಿದವು: ಮೊದಲನೆಯವನಿಗೆ 15, ಎರಡನೆಯವನಿಗೆ 12, ಹೀಗೆ ಇಳಿಯುತ್ತ ಬಂದು ಒಂಬತ್ತನೆಯವನಿಗೆ 4, ಕಟ್ಟಕಡೆಯವನಿಗೂ 1. ತಮ್ಮನು ಅದನ್ನು ಬಹಳ ಹೊತ್ತು ನೋಡಿ, “ಮಗು, ಇದು ಲೆಕ್ಕಕ್ಕುಂಟೆ?” ಎಂದು ಕೇಳಿದನು. ಮಗುವಿಗೆ ಆ ಪ್ರಶ್ನೆಯ ಅರ್ಥವೇ ಆಗಲಿಲ್ಲ. “ಉಂಟಲ್ಲ, ನಾಲ್ಕು” ಎಂದಳು.

ನಾವು ಬಾಗಿಲಲ್ಲಿ ನಿಂತಿದ್ದೆವು. ಅವನು ನಮ್ಮ ಕಡೆ ನೋಡಲಿಲ್ಲ. ನೋಡಿದ್ದರೆ ಸರಿಹೋಗುತ್ತಿದ್ದಿತೋ ಏನೋ. ನಮ್ಮ ಬಾಯಿಂದ ಹೊರಟದ್ದು ನಲವತ್ತು ವರ್ಷ ಬೆಂಚುಗಳ ಮುಂದೆ ನಿಂತವನ ಮಾತು: “ಬಂಡಿ ತಾನಾಗಿಯೇ ಓಡಿ, ತಾನಾಗಿಯೇ ತಿರುಗಿದರೆ, ಆಡಿದವರು ಯಾರು?” ಮಕ್ಕಳು ಸುಮ್ಮನಾದರು. ತಮ್ಮನು ಶಾಂತವಾಗಿ, “ನೀನು ಕನ್ನಡಕ ಹಾಕಿಕೊಂಡು ಓದಿದಾಗ ಓದಿದವರು ಯಾರಣ್ಣ?” ಎಂದನು.

ಆ ರಾತ್ರಿ ನಮಗೆ ನಿದ್ರೆ ಬಾರಲಿಲ್ಲ. ಸೆಕೆಯೆಂದು ಹೆಂಡತಿಗೆ ಹೇಳಿದೆವು. ನೆನಪಿಗೆ ಬಂದವನು ಒಬ್ಬ ವಿದ್ಯಾರ್ಥಿ. ಕೈ ನಡುಗುವ ಹುಡುಗ. ಅಕ್ಷರಗಳು ನಿಧಾನವಾಗಿ ಮೂಡುತ್ತಿದ್ದವು. ಬಹಳ ವರ್ಷಗಳ ಹಿಂದೆ ಒಂದು ಪರೀಕ್ಷೆಯಲ್ಲಿ ಗಂಟೆ ಬಾರಿಸಿದೊಡನೆ ನಾವು ಅವನ ಉತ್ತರಪತ್ರಿಕೆಯನ್ನು ಎಳೆದುಕೊಂಡೆವು. ಇನ್ನು ಹತ್ತು ನಿಮಿಷ ಬೇಕೆಂದು ಅವನು ಬೇಡಿದನು. “ನಿಯಮ ಎಲ್ಲರಿಗೂ ಒಂದೇ” ಎಂದೆವು. ಅವನಿಗೆ ಉತ್ತರ ತಿಳಿದಿದ್ದಿತೆಂಬುದು ನಮಗೂ ತಿಳಿದಿದ್ದಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ವರ್ಷವರ್ಷವೂ ಮಕ್ಕಳನ್ನು ಕರೆದೊಯ್ದು, 1892ರಲ್ಲಿ ರೈಸ್ ಸಾಹೇಬರು ಕಂಡುಹಿಡಿದ ಅಶೋಕನ ಶಾಸನವನ್ನು ತೋರಿಸಿ, ಈ ಫಲವು ದೊಡ್ಡವರಿಗೆ ಮಾತ್ರವಲ್ಲ, ಉದ್ಯೋಗಶೀಲನಾದ ಸಣ್ಣವನಿಗೂ ದೊರಕತಕ್ಕದ್ದೆಂಬುದು ಅದರ ತಾತ್ಪರ್ಯವೆಂದು ಬೋಧಿಸಿದ ಉಪಾಧ್ಯಾಯರೂ ನಾವೇ.

ವ್ಯಾಕರಣವನ್ನು ಓದಿದವರಿಗೆ ಉತ್ಸರ್ಗ, ಅಪವಾದ ಎಂಬೆರಡು ಮಾತುಗಳು ಗೊತ್ತು. ಉತ್ಸರ್ಗವು ಸಾಮಾನ್ಯ ವಿಧಿ. ಅಪವಾದವು ವಿಶೇಷ ವಿಧಿ. ಎರಡೂ ಒಂದೆಡೆ ಸೇರಿದಲ್ಲಿ ಅಪವಾದವೇ ಬಲವತ್ತರ. ಅದು ಸೂತ್ರಕಾರನು ತೋರಿದ ಕನಿಕರವಲ್ಲ, ಅದೂ ಸೂತ್ರವೇ. ಇದನ್ನು ನಾವು ಸಾವಿರ ಸಲ ಪಾಠ ಹೇಳಿದ್ದೇವೆ. ಈಗಿನ ಸರ್ಕಾರದವರೂ ಹಾಗೆಯೇ ಬರೆದಿದ್ದಾರೆ: 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಾದ ಮೇಲೆ, 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ಬರೆಯಲು ತೊಡಕಿರುವ ಅಭ್ಯರ್ಥಿಗೆ ಪರೀಕ್ಷೆಯ ಗಂಟೆಯೊಂದಕ್ಕೆ 20 ನಿಮಿಷಕ್ಕೆ ಕಡಮೆಯಿಲ್ಲದಂತೆ ಹೆಚ್ಚಿನ ಕಾಲ ಸಲ್ಲತಕ್ಕದ್ದೆಂದಾಯಿತು. ನಮ್ಮ ಹುಡುಗನಿಗೆ ಅದು ತಡವಾಯಿತು.

ಮಾರನೆಯ ದಿನ ತಮ್ಮನೊಡನೆ ಈ ಮಾತು ತೆಗೆದಾಗ ಅವನು ಅಂಧರ ಕ್ರಿಕೆಟ್ಟಿನ ವಿಷಯವನ್ನು ಹೇಳಿದನು. ಲೆಕ್ಕಿಗನಾದುದರಿಂದ ಅವನಿಗೆ ಇಂತಹವು ಕಂಠಪಾಠ. ಒಳಗೆ ಗುಂಡುಗಳಿರುವ ಚೆಂಡು ಉರುಳುವಾಗ ಗಲಗಲನೆ ಸದ್ದುಮಾಡುತ್ತದೆ. ಹನ್ನೊಂದು ಮಂದಿಯಲ್ಲಿ ನಾಲ್ವರಾದರೂ ಪೂರ್ಣಾಂಧರಾಗಿರತಕ್ಕದ್ದು. ಅವರು ಗಳಿಸಿದ ಓಟ ಒಂದಾದರೆ ಲೆಕ್ಕಕ್ಕೆ ಎರಡು. 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ನಡೆದ ಇಪ್ಪತ್ತು ಓವರುಗಳ ಮೊದಲನೆಯ ಅಂಧರ ವಿಶ್ವಕಪ್ಪಿನಲ್ಲಿ ನಮ್ಮವರು ಪಾಕಿಸ್ತಾನವನ್ನು ಸೋಲಿಸಿ ಗೆದ್ದರು. ನಾಯಕರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕರು. “ಒಂದಕ್ಕೆ ಎರಡು, ಅಣ್ಣ! ಲೆಕ್ಕಕ್ಕಿಲ್ಲ ಎನ್ನುವುದಕ್ಕೆ ಬದಲು ಒಂದಕ್ಕೆ ಎರಡು!” ಎಂದು ಅವನು ತೊಡೆ ತಟ್ಟಿಕೊಂಡನು. ಲಗೋರಿಯ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಒಂದು ವಾರದೊಳಗಾಗಿ ಅವನು ನಾಲ್ಕನೆಯವನಾಗಿ, ಒಮ್ಮೆ ಎರಡನೆಯವನಾಗಿ ಬಂದನು. ಆಗ ಒಂದು ಹೊಸ ಸಂಗತಿ ಅವನ ಕಣ್ಣಿಗೆ ಬಿದ್ದಿತು. ಸ್ಮಾರ್ಟ್ ಸ್ಟಿಯರಿಂಗ್ ಇಟ್ಟುಕೊಂಡವನ ಬಂಡಿಯ ಹಿಂಭಾಗದಲ್ಲಿ ಒಂದು ಆಂಟೆನಾ ನಿಂತಿರುತ್ತದೆ. “ನನ್ನ ಊರುಗೋಲು ಅಲ್ಲಿಗೂ ಬಂದಿದೆ” ಎಂದು ನಕ್ಕನು. ಇನ್ನೊಂದು ಸಂಗತಿಯು ನಗುವಂತಹುದಾಗಿರಲಿಲ್ಲ. ಓಟದ ಹಾದಿಯಲ್ಲಿ ಅಲ್ಲಲ್ಲಿ ಸೀಳುದಾರಿಗಳುಂಟು. ಧೈರ್ಯವಂತರು ಹಾದಿ ಬಿಟ್ಟು ನುಗ್ಗಿ ಮುಂದಾಗುತ್ತಾರೆ. ಆಂಟೆನಾ ಇರುವ ಬಂಡಿಯನ್ನು ಯಂತ್ರವು ಹಾದಿಯೊಳಗೇ ಹಿಡಿದಿಡುವುದರಿಂದ ಅಂತಹ ಕೆಲವು ಸೀಳುದಾರಿಗಳು ಅದಕ್ಕೆ ದಕ್ಕುವುದಿಲ್ಲ. ಬೀಳದಂತೆ ಕಾಯುವವರು ಹಾರಲೂ ಬಿಡುವುದಿಲ್ಲವಷ್ಟೆ. ನಮ್ಮ ತಾಯಿಯವರೂ ಹಾಗೆಯೇ ಇದ್ದರು. ತಮ್ಮನು ಮೊಮ್ಮಗಳನ್ನು ಕರೆದು, “ಓಡಿಸುವುದು ಇರಲಿ, ವಾಲಿಸುವುದು ಇರಲಿ, ತಿರುಗಿಸುವುದನ್ನು ತೆಗೆದುಬಿಡು” ಎಂದನು.

ಆ ಓಟದಲ್ಲಿ ಅವನು ಎಷ್ಟು ಸಲ ಬಿದ್ದನೆಂಬುದನ್ನು ನಾವು ಎಣಿಸಲಿಲ್ಲ. ಬಿದ್ದಾಗಲೆಲ್ಲ ಮೋಡವನ್ನೇರಿದ ಆಮೆಯೊಂದು ಗಾಳ ಹಿಡಿದು ಬಂದು ಬಂಡಿಯನ್ನೆತ್ತಿ ಹಾದಿಗಿಡುತ್ತಿದ್ದಿತು. ಕಾಳಿದಾಸನಿಗೂ ಹೊಳೆಯದ ಮೇಘಪ್ರಯೋಜನ. ಹನ್ನೆರಡನೆಯವನಾಗಿ ಬಂದನು. ಮೊಮ್ಮಗಳು ಮುಖ ಸಣ್ಣದು ಮಾಡಿಕೊಂಡು, “ಮತ್ತೆ ಹಾಕಲೇ ಚಿಕ್ಕತಾತ?” ಎಂದಳು. “ಬೇಡ” ಎಂದು ಹೇಳಿ, ಅವನು ಗಿರಣಿಯ ಕಾಲದ ಹಳೆಯ ಖಾತೆ ಪುಸ್ತಕವೊಂದನ್ನು ತರಿಸಿ, ಖಾಲಿ ಹಾಳೆಯಲ್ಲಿ ಗೆರೆಯೆಳೆದು, ತನ್ನ ಹೆಸರಿನ ಮುಂದೆ 1 ಎಂದು ಬರೆದುಕೊಂಡನು. ರಜೆ ಮುಗಿಯುವುದರೊಳಗಾಗಿ ಒಂದು ಸೀಳುದಾರಿ ಅವನಿಗೆ ವಶವಾಯಿತು.

ಮಕ್ಕಳು ಹೊರಡುವ ಹಿಂದಿನ ದಿನ ಅವನು ಹಿಡಿಯನ್ನು ನಮ್ಮ ಕೈಗೆ ಕೊಟ್ಟನು. ಎಷ್ಟು ಬೇಡವೆಂದರೂ ಬಿಡಲಿಲ್ಲ. ಈಚೆಗೆ ನಮ್ಮ ಬೆರಳುಗಳೂ ಬೆಳಗಿನ ಹೊತ್ತು ಮಡಿಸಲು ಬರುವುದಿಲ್ಲ. ಇದನ್ನು ನಾವು ಮನೆಯಲ್ಲಿ ಹೇಳಿರಲಿಲ್ಲ, ಅವನು ಮಾತ್ರ ಕಂಡಿದ್ದನೆಂದು ತೋರುತ್ತದೆ. “ಆಂಟೆನಾ ಹಾಕಿಸಲೇ, ಅಣ್ಣ?” ಎಂದು ಕೇಳಿದನು. ಅವನ ಧ್ವನಿಯಲ್ಲಿ ಹಾಸ್ಯವಿದ್ದಿತೋ ಎಂದು ನಾವು ಹುಡುಕಿ ನೋಡಿದೆವು. ಇರಲಿಲ್ಲ.

“ಹಾಕಿಸು” ಎಂದೆವು.

ಹನ್ನೊಂದನೆಯವರಾಗಿ ಬಂದೆವು. ತಮ್ಮನು ಖಾತೆಯನ್ನು ಬಿಚ್ಚಿ, ತನ್ನ ಹೆಸರಿನ ಕೆಳಗೆ ನಮ್ಮ ಹೆಸರನ್ನು ಬರೆದು, ಅದರ ಮುಂದೆ 2 ಎಂದು ಹಾಕಿ, ಮಸಿ ಒಣಗಲೆಂದು ಒಮ್ಮೆ ಊದಿ, “ಮುಂದಿನದು” ಎಂದನು.